ಕೆಲಸ ಗ್ಯಾರಂಟಿ ಪಾಂಪ್ಲೆಟ್ಟೂ ನಮ್ಮ ಶುಂಠಿ ಮಂಡಿ ಲೆಕ್ಕಾನೂ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪೇಪರ್ ಬಿಚ್ಚಿದ ತಕ್ಷಣ ಒಳಗಿಂದ ಒಂದು ಹಳದಿ ಪಾಂಪ್ಲೆಟ್ ಜಾರಿ ಬಿತ್ತು. ಅದು ನೀವು ಪ್ರಿಂಟ್ ಮಾಡಿದ್ದಲ್ಲ, ಬೆಳಗಿನ ಜಾವ ಬಸ್ ಸ್ಟ್ಯಾಂಡಲ್ಲಿ ಪೇಪರ್ ಜೋಡಿಸೋರು ಒಳಗೆ ತುರುಕೋದು ಅಂತ ನಂಗೂ ಗೊತ್ತು, ಆದ್ರೆ ನಮ್ಮಮ್ಮನಂಥೋರಿಗೆ ಅದೆಲ್ಲಾ ಗೊತ್ತಿಲ್ಲ, ಅವರ ಲೆಕ್ಕದಲ್ಲಿ ಅದು ಪೇಪರಲ್ಲೇ ಬಂದಿದ್ದು, ಪೇಪರಲ್ಲಿ ಬಂದ್ಮೇಲೆ ನಿಜಾನೇ. "45 ದಿನದಲ್ಲಿ ಫುಲ್ ಸ್ಟಾಕ್ ಡೆವಲಪರ್ ಆಗಿ, ಯಾವ ಡಿಗ್ರಿ ಆದ್ರೂ ಸರಿ, 100% ಕೆಲಸ ಗ್ಯಾರಂಟಿ, ಮೊದಲು ಬಂದ 20 ಜನಕ್ಕೆ ಫೀಸಲ್ಲಿ ಅರ್ಧ ಡಿಸ್ಕೌಂಟ್." ಫುಲ್ ಸ್ಟಾಕ್ ಅಂದ್ರೆ ವೆಬ್‌ಸೈಟಿನ ಕಣ್ಣಿಗೆ ಕಾಣೋ ಭಾಗ, ಹಿಂದೆ ನಡೆಯೋ ಭಾಗ ಎರಡನ್ನೂ ಬರೆಯೋ ಕೆಲಸ. ಅಮ್ಮ ಅದನ್ನ ನೀಟಾಗಿ ಮಡಚಿ ಕ್ಯಾಲೆಂಡರ್ ಮೊಳೆಗೆ ಸಿಗಿಸಿದಾರೆ, ಯಾಕಂದ್ರೆ ಚಿಕ್ಕಪ್ಪನ ಮಗ ಈ ವರ್ಷ ಇಂಜಿನಿಯರಿಂಗ್ ಮುಗಿಸಿ ಮನೇಲಿದಾನೆ. ಸಾಯಂಕಾಲ ಚಿಕ್ಕಪ್ಪಾನೇ ಫೋನ್ ಮಾಡಿದ್ರು, "ಏನ್ ಮಗ, ನೀನು ಆ ಲೈನಲ್ಲೇ ಇದೀಯ, ಇವನ್ನ ಇದಕ್ಕೆ ಸೇರಿಸ್ಲಾ, ಶುಂಠಿ ದುಡ್ಡು ಬಂದಿದೆ, ಖರ್ಚಾಗೋದ್ರೊಳಗೆ ಕಟ್ಟಿಬಿಡ್ತೀನಿ" ಅಂತ.

ಫೋನಲ್ಲಿ ಹೇಳಿದ್ದು ಚಿಕ್ಕಪ್ಪಂಗೆ ಪೂರ್ತಿ ಅರ್ಥ ಆಗ್ಲಿಲ್ಲ, ನಂಗೂ ಸರಿಯಾಗಿ ಹೇಳಕ್ಕೆ ಬರ್ಲಿಲ್ಲ. ಹಾಸನ ಸುತ್ತಮುತ್ತ ಇದೇ ಪ್ರಶ್ನೆ ಇಟ್ಕೊಂಡಿರೋ ಮನೆ ಇನ್ನೂ ಎಷ್ಟಿದಾವೋ, ಅದಕ್ಕೇ ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಜಾಗ ಇಲ್ದಿದ್ರೆ ಎಲ್ಲಿ ಬೇಕೋ ಅಲ್ಲಿ ಕತ್ತರಿಸ್ಕೊಳ್ಳಿ, ಮಂಡಿ ಕತೆ ಮಾತ್ರ ಬಿಡಬೇಡಿ.

ನಾನು ಶಾಂತಿಗ್ರಾಮದ ಕಡೆ ಹುಡುಗಿ, ಹಾಸನದಲ್ಲೇ ಓದಿದ್ದು, ವಿಟಿಯು, ಇನ್ಫರ್ಮೇಷನ್ ಸೈನ್ಸ್, 2019ರಲ್ಲಿ ಸೇರಿ 2023ರಲ್ಲಿ ಮುಗಿಸ್ದೆ. ಆ ಬ್ಯಾಚಿನೋರಿಗೆ ಗೊತ್ತಿರುತ್ತೆ, ಮೊದಲ ಸೆಮ್ ಪಿ ಸೈಕಲ್, ಅಂದ್ರೆ ಫಿಸಿಕ್ಸ್ ಗುಂಪು, ಬಂದೋರಿಗೆ ಸಿ ಪ್ರೋಗ್ರಾಮಿಂಗ್ ಎರಡನೇ ಸೆಮ್‌ಗೆ, ಅಂದ್ರೆ 2020, ಅಂದ್ರೆ ಲಾಕ್‌ಡೌನ್. ಜೀವನದಲ್ಲಿ ಮೊದಲ ಸಲ ಪ್ರೋಗ್ರಾಂ ಬರೆಯೋದು ಕಲೀಬೇಕಾದ ಟೈಮಲ್ಲಿ ನಾನು ಸಿಗ್ನಲ್ ಸಿಗುತ್ತೆ ಅಂತ ಓವರ್‌ಹೆಡ್ ಟ್ಯಾಂಕ್ ಪಕ್ಕ ಫೋನ್ ಹಿಡ್ಕೊಂಡು ಕೂತಿದ್ದೆ, ಕಂಪ್ಯೂಟರ್ ಕಣ್ಣಿಗೂ ಕಾಣ್ಲಿಲ್ಲ. ಆಮೇಲಿನ ಲ್ಯಾಬ್‌ಗಳೂ ಅಷ್ಟೇ, ಮ್ಯಾನ್ಯುಯಲಲ್ಲಿ ಹತ್ತೋ ಹನ್ನೆರಡೋ ಪ್ರೋಗ್ರಾಂ, ಬಾಯಿಪಾಠ ಮಾಡು, ಎಕ್ಸಾಮಲ್ಲಿ ಚೀಟಿ ಎತ್ತು, ಬಂದಿದ್ದನ್ನ ಟೈಪ್ ಮಾಡು, ಔಟ್‌ಪುಟ್ ಬಂದ್ರೆ ಮುಗೀತು. ಎಂಟೂವರೆ ಸಿಜಿಪಿಎ ಬಂತು ನಂಗೆ. ಪ್ರೋಗ್ರಾಂ ಬರೆಯೋಕೆ ಮಾತ್ರ ಬರ್ತಿರ್ಲಿಲ್ಲ. ಇದನ್ನ ಹೇಳ್ಕೊಳ್ಳಕ್ಕೆ ಈಗ ನಾಚಿಕೆ ಇಲ್ಲ, ಆಗ ಇತ್ತು.

ಕ್ಯಾಂಪಸ್ಸಿಗೆ ಬಂದ ಎರಡು ಕಂಪನಿಲೂ ಮೊದಲ ರೌಂಡಲ್ಲೇ ಹೊರಗೆ. ಅಷ್ಟೊತ್ತಿಗೆ ಐಟಿ ಗಾಳಿಯೂ ಬದಲಾಗಿತ್ತು ಅನ್ನಿ, ನಮ್ಮ ಹಿಂದಿನ ಬ್ಯಾಚಿನ ಎಷ್ಟೋ ಜನ ಆಫರ್ ಲೆಟರ್ ಕೈಲಿಟ್ಕೊಂಡು ಜಾಯಿನಿಂಗ್ ಡೇಟ್‌ಗೆ ತಿಂಗಳುಗಟ್ಟಲೆ ಕಾಯ್ತಾ ಕೂತಿದ್ರು.

ಆಗ ನಾವೂ ಪಾಂಪ್ಲೆಟ್ ನೋಡಿ ಸೇರಿದೋರೇ. ಬೆಂಗಳೂರಲ್ಲಿ ಒಂದು ಇನ್‌ಸ್ಟಿಟ್ಯೂಟು, ಹೆಸರು ಬೇಡ, ಫೀಸು 42,000, ಅದರ ಮೇಲೆ ನಾಲ್ಕು ತಿಂಗಳ ಪಿಜಿ ಬಾಡಿಗೆ ಊಟ, ಅಪ್ಪ ಎರಡು ಹಸು ಮಾರಿದ್ರು. ಒಂದು ರೂಮಲ್ಲಿ ಅರವತ್ತು ಜನ, ಮೇಷ್ಟ್ರು ಪ್ರೊಜೆಕ್ಟರಲ್ಲಿ ಟೈಪ್ ಮಾಡೋದು, ನಾವು ನೋಡ್ಕೊಂಡು ಟೈಪ್ ಮಾಡೋದು, ಸಂಜೆ ಹೊತ್ತಿಗೆ ಎಲ್ಲರ ಲ್ಯಾಪ್‌ಟಾಪಲ್ಲೂ ಒಂದೇ "ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ", ಬಟನ್ ಬಣ್ಣ ಕೂಡ ಒಂದೇ. ಕಲಿಸಿದ್ದು ತಪ್ಪು ಅಂತ ಅಲ್ಲ, ಪ್ರೋಗ್ರಾಂ ಬರೆಯೋ ಜಾವಾ, ಡೇಟಾ ಇಟ್ಟು ತೆಗೆಯೋ ಎಸ್‌ಕ್ಯುಎಲ್ ಎಲ್ಲಾ ಸರಿಯಾಗೇ ಹೇಳ್ತಿದ್ರು, ಆದ್ರೆ ಅಡಿಗೆ ಮಾಡೋದನ್ನ ನೋಡ್ತಾ ಕೂತಂಗೆ, ಒಲೆ ಮುಂದೆ ನಾವು ನಿಂತಿರ್ಲೇ ಇಲ್ಲ. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದಿದ್ದು ಏನಪ್ಪಾ ಅಂದ್ರೆ ಒಂದು ವಾಟ್ಸಾಪ್ ಗ್ರೂಪು, ಅದರಲ್ಲಿ ಎಲ್ಲರಿಗೂ ಸಿಗೋ ಲಿಂಕುಗಳನ್ನೇ ಫಾರ್ವರ್ಡ್ ಮಾಡ್ತಿದ್ರು. ಗ್ಯಾರಂಟಿ ಎಲ್ಲಿ ಅಂತ ಕೇಳಿದ್ರೆ ಫಾರಂ ಹಿಂದ್ಗಡೆ ಸಣ್ಣಕ್ಷರ ತೋರಿಸಿದ್ರು, "ಅಸಿಸ್ಟೆನ್ಸ್" ಅಂತ ಇತ್ತು. ಒಂದು ಇಂಟರ್‌ವ್ಯೂಗೆ ಹೋದಾಗ ಅಲ್ಲಿ ಕೂತಿದ್ದ ಮೇಡಂ ನನ್ನ ರೆಸ್ಯೂಮೆ ನೋಡಿ, ಬೈಲಿಲ್ಲ ಪಾಪ, ನಕ್ಕೊಂಡೇ ಹೇಳಿದ್ರು, "ಇವತ್ತು ಬೆಳಿಗ್ಗೆಯಿಂದ ನಾನು ನೋಡ್ತಿರೋ ನಾಲ್ಕನೇ ಲೈಬ್ರರಿ ಇದು." ವಾಪಸ್ ಬರೋವಾಗ ಬಸ್ಸಲ್ಲಿ ಕುಣಿಗಲ್ ದಾಟೋ ತನಕ ಅಳ್ತಾ ಬಂದೆ.

2024 ಜನವರಿಗೆ ಊರು ಸೇರಿದೆ. ಎರಡು ಸರ್ಕಾರಿ ಯೋಜನೆ ಆಗ ನಂಗೆ ಕೈ ಹಿಡಿದವು, ರಾಜಕೀಯ ಏನೇ ಇರ್ಲಿ ಇದನ್ನ ಹೇಳ್ಲೇಬೇಕು. ಒಂದು ಶಕ್ತಿ, 2023ರ ಜೂನ್ 11ಕ್ಕೆ ಶುರುವಾಗಿದ್ದು, ಕೆಂಪು ಬಸ್ಸಲ್ಲಿ ಆಧಾರ್ ತೋರಿಸಿ ಜೀರೋ ಟಿಕೆಟ್ ತಗೊಂಡು ಹಾಸನದಿಂದ ಬೆಂಗಳೂರಿಗೆ ಎಷ್ಟು ಸಲ ಇಂಟರ್‌ವ್ಯೂಗೆ ಹೋಗಿ ಬಂದಿದೀನೋ ಲೆಕ್ಕ ಇಲ್ಲ, ಒಂದು ಕಡೆಗೇ ಹತ್ತಿರ ಹತ್ತಿರ 185 ಕಿಲೋಮೀಟರ್, ಪ್ರತಿಸಲ ಅಪ್ಪನ ಹತ್ರ ಬಸ್ ಚಾರ್ಜ್ ಕೇಳೋದಾಗಿದ್ರೆ ಮೂರನೇ ಸಲಕ್ಕೇ ನಿಲ್ಲಿಸ್ತಿದ್ದೆ. ಇನ್ನೊಂದು ಯುವನಿಧಿ, 2022-23ರಲ್ಲಿ ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದ ಡಿಗ್ರಿಯೋರಿಗೆ ತಿಂಗಳಿಗೆ 3,000. ಮೊದಲ ಕಂತು ಬಂದಾಗ ಎಲ್ಲರೂ ಬಟ್ಟೆ ತಗೋ ಅಂದ್ರು, ನಾನು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ, ಅಂದ್ರೆ ಬೇಗ ಓಡೋ ಡಿಸ್ಕು, ಹಾಕಿಸ್ದೆ, ಅದು ಆನ್ ಆಗೋ ಅಷ್ಟರಲ್ಲಿ ಮುಂಚೆ ಒಂದು ಕಾಫಿ ಕುಡಿದು ಬರಬೋದಿತ್ತು.

ಈಗ ಮಂಡಿ ವಿಷಯಕ್ಕೆ ಬರ್ತೀನಿ. ಅಪ್ಪ ಶುಂಠಿ ಕೊಡೋ ಮಂಡಿ ಒಂದಿದೆ ಹಾಸನದಲ್ಲಿ, ಮೇ ತಿಂಗಳಲ್ಲಿ ಬಿತ್ತನೆ ಆಲೂಗಡ್ಡೇನೂ ಮಾರ್ತಾರೆ, ಜಲಂಧರ್ ಕಡೆಯಿಂದ ಲಾರಿ ಬರುತ್ತಲ್ಲ, ಅದೇ. ಫೆಬ್ರವರಿಲಿ ಒಂದಿನ ಅಪ್ಪನ ಜೊತೆ ಬಿಲ್ ಇಸ್ಕೊಳ್ಳಕ್ಕೆ ಹೋಗಿದ್ದೆ, ಮೂರು ಗಂಟೆ ಕಾದ್ವಿ. ರೈಟರ್ ಅಣ್ಣ ಒಬ್ಬರೇ, ಮುಂದೆ ಉದ್ದನೆ ಖಾತೆ ಪುಸ್ತಕ, ಕ್ಯಾಲ್ಕುಲೇಟರು, ಸುತ್ತ ಇಪ್ಪತ್ತು ಜನ ರೈತರು. ತೂಕ, ಚೀಲದ ರೇಟು, ಹಮಾಲಿ, ಹಿಂದಿನ ಬಾಕಿ, ಬಿತ್ತನೆಗೆ ತಗೊಂಡ ಸಾಲ, ಎಲ್ಲಾ ಕಳೆದು ಕೂಡಿ ಮಾಡೋ ಹೊತ್ತಿಗೆ ಯಾರೋ ಬಂದು ಮಾತಾಡಿಸ್ತಾರೆ, ಮತ್ತೆ ಮೊದಲಿಂದ. ನೋಡ್ತಾ ಇದ್ದವಳು ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ, "ಅಣ್ಣ ಇದನ್ನ ನಾನು ಕಂಪ್ಯೂಟರಲ್ಲಿ ಮಾಡ್ಕೊಡ್ಲಾ?" ಅವರು ತಲೆ ಎತ್ತದೆ, "ಮಾಡ್ಕೊಡಮ್ಮ, ಮುಂಚೆ ಇಬ್ರು ಹಿಂಗೇ ಹೇಳಿ ಹೋಗಿದಾರೆ" ಅಂದ್ರು.

ಹತ್ತು ದಿನಕ್ಕೆ ಮಾಡಿದೆ, ಬರೆಯೋಕೆ ಪೈಥಾನ್ ಭಾಷೆ, ಡೇಟಾ ಇಡೋಕೆ ಎಸ್‌ಕ್ಯುಲೈಟ್, ಬ್ರೌಸರಲ್ಲಿ ಒಂದು ಪೇಜು, ಅಷ್ಟೇ. ಮುಗೀತು ಅನ್ಕೊಂಡು ತಗೊಂಡು ಹೋದೆ. ನನ್ನ ನಿಜವಾದ ಓದು ಶುರುವಾಗಿದ್ದೇ ಅವತ್ತು.

ಮೊದಲನೇ ದಿನವೇ ಮಂಜೇಗೌಡ ಅಂತ ಟೈಪ್ ಮಾಡಿದ್ರು, ಯಾರ್ದೋ ಬಾಕಿ ಯಾರಿಗೋ ಬಂತು. ಒಂದೇ ಊರಲ್ಲಿ ಮೂರು ಜನ ಮಂಜೇಗೌಡರು ಸ್ವಾಮಿ! ಇನಿಷಿಯಲ್ ಕೂಡ ಇಬ್ಬರದು ಒಂದೇ. ಪುಸ್ತಕದಲ್ಲಿ ರೈಟರ್ ಅಣ್ಣ "ಕೆರೆ ಏರಿ", "ಪಟೇಲರ ಮನೆ", "ಟ್ರ್ಯಾಕ್ಟರ್" ಅಂತ ಪಕ್ಕದಲ್ಲಿ ಗುರುತು ಹಾಕ್ಕೊಂಡಿದ್ರು, ನಾನು ಹೆಸರನ್ನೇ ಕೀ, ಅಂದ್ರೆ ಒಬ್ಬೊಬ್ಬರನ್ನ ಬೇರೆ ಮಾಡಿ ತೋರಿಸೋ ಗುರುತು, ಮಾಡ್ಕೊಂಡಿದ್ದೆ. ಪ್ರೈಮರಿ ಕೀ ಅಂದ್ರೇನು ಅಂತ ಡಿಬಿಎಂಎಸ್ (ಡೇಟಾಬೇಸ್) ಪೇಪರಲ್ಲಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೋಳು ನಾನು. ಸರಿ ಫೋನ್ ನಂಬರ್ ಇಡೋಣ ಅಂತ ಬದಲಾಯಿಸ್ದೆ, ಅಪ್ಪಂಗೂ ಮಗಂಗೂ ಒಂದೇ ಫೋನು, ಖಾತೆ ಮಾತ್ರ ಬೇರೆ ಬೇರೆ, ಅದೂ ಕೆಡ್ತು. ಕೊನೆಗೆ ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಟ್ಟು, ಪಕ್ಕದಲ್ಲಿ ಗುರುತು ಬರೆಯಕ್ಕೆ ಒಂದು ಕಾಲಂ ಇಟ್ಟೆ, ಅಂದ್ರೆ ರೈಟರ್ ಅಣ್ಣ ಇಪ್ಪತ್ತು ವರ್ಷದಿಂದ ಮಾಡ್ತಿದ್ದಿದ್ದನ್ನೇ.

ಆಮೇಲೆ ಒಂದು ರೂಪಾಯಿ ಕತೆ. ಶುಂಠಿ ರೇಟು 60 ಕೆಜಿ ಚೀಲಕ್ಕೆ ಹೇಳೋದು. ಲೆಕ್ಕಕ್ಕೆ ಚೀಲ 2,150 ಅಂತ ಇಟ್ಕೊಳ್ಳಿ, ತೂಕ 1,341 ಕೆಜಿ. ಗುಣಿಸಿ 60ರಿಂದ ಭಾಗಿಸಿದ್ರೆ 48,052 ರೂಪಾಯಿ 50 ಪೈಸೆ. ರೈಟರ್ ಅಣ್ಣ ಐವತ್ತು ಪೈಸೆ ಬಂದ್ರೆ ಮೇಲಕ್ಕೆ ತಗೋತಾರೆ, 48,053. ನನ್ನ ಪ್ರೋಗ್ರಾಂ 48,052 ತೋರಿಸ್ತು. ಬೇರೆ ಬಿಲ್ಲಲ್ಲಿ ನೋಡಿದ್ರೆ ಸರಿಯಾಗೇ ಮೇಲಕ್ಕೆ ಹೋಗ್ತಿದೆ, ಇನ್ನೊಂದರಲ್ಲಿ ಕೆಳಕ್ಕೆ ಬರ್ತಿದೆ, ತಲೆ ಕೆಟ್ಟೋಯ್ತು. ಒಂದು ರೂಪಾಯಿ ತಾನೆ ಅಣ್ಣ ಅಂದೆ. "ಒಂದು ರೂಪಾಯಿಗೆ ರೈತ ನಾಲ್ಕು ಸಲ ಬಂದು ಕೇಳ್ತಾನಮ್ಮ, ಕೇಳಬೇಕು ಕೂಡ, ಅವನ ದುಡ್ಡು" ಅಂದ್ರು. ಎರಡು ರಾತ್ರಿ ಕೂತ ಮೇಲೆ ಗೊತ್ತಾಯ್ತು, ಪೈಥಾನಲ್ಲಿ ರೌಂಡ್ ಅನ್ನೋದು ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತೆ, ಯಾವಾಗ್ಲೂ ಮೇಲಕ್ಕಲ್ಲ. ಎರಡೂವರೆ ಕೊಟ್ರೆ ಎರಡು, ಮೂರೂವರೆ ಕೊಟ್ರೆ ನಾಲ್ಕು. ಬ್ಯಾಂಕರ್ಸ್ ರೌಂಡಿಂಗ್ ಅಂತಾರಂತೆ. ಅದು ತಪ್ಪಲ್ಲ, ಬೇಕು ಅಂತಲೇ ಹಂಗೆ ಇಟ್ಟಿರೋದು, ಆದ್ರೆ ನಮ್ಮ ಮಂಡಿ ಪದ್ಧತಿ ಬೇರೆ. ಅದನ್ನ ಹುಡುಕ್ತಾ ಹೋದಾಗಲೇ 0.1ಕ್ಕೆ 0.2 ಕೂಡಿಸಿದ್ರೆ ಕಂಪ್ಯೂಟರಲ್ಲಿ ಸರಿಯಾಗಿ 0.3 ಬರಲ್ಲ, ಕೊನೇಲಿ ಒಂದು ಬಾಲ ಅಂಟ್ಕೊಂಡು ಬರುತ್ತೆ, ಅದಕ್ಕೇ ದುಡ್ಡಿನ ಲೆಕ್ಕಾನ ದಶಮಾಂಶದಲ್ಲಿ ಇಡಬಾರ್ದು, ಪೈಸೆ ಲೆಕ್ಕದಲ್ಲಿ ಪೂರ್ಣಸಂಖ್ಯೆ ಮಾಡಿ ಇಡಬೇಕು ಅನ್ನೋದೂ ತಿಳೀತು. ನಾಲ್ಕು ವರ್ಷದ ಕಾಲೇಜಲ್ಲಿ ಆಗ್ಲಿ 42,000ದ ಕೋರ್ಸಲ್ಲಿ ಆಗ್ಲಿ ಇದು ನಂಗೆ ಎದುರಾಗಿರ್ಲಿಲ್ಲ, ಎದುರಾಗೋದಾದ್ರೂ ಹೆಂಗೆ, ಲೈಬ್ರರಿ ಮ್ಯಾನೇಜ್‌ಮೆಂಟಲ್ಲಿ ಪುಸ್ತಕ ತಗೊಳ್ಳೋರೇ ಯಾರೂ ಇರ್ಲಿಲ್ವಲ್ಲ.

ಮೇ ತಿಂಗಳು ಬಿತ್ತನೆ ಆಲೂಗಡ್ಡೆ ಸೀಸನ್. ಜನವೋ ಜನ. ಸಂಜೆ ಗುಡುಗು ಸಿಡಿಲು, ಕರೆಂಟ್ ಹೋಯ್ತು, ಯುಪಿಎಸ್ ಮೊದಲೇ ಸತ್ತಿತ್ತು. ಮಾರನೇ ದಿನ ನೋಡಿದ್ರೆ ಒಬ್ಬರ ಬಿಲ್ ಇದೆ, ಅವರ ಖಾತೆಗೆ ಬಾಕಿ ಏರಿಲ್ಲ. ಎರಡು ಕಡೆ ಬರೀಬೇಕಾಗಿದ್ದು ಒಂದು ಕಡೆ ಬರೆದು ಆಫ್ ಆಗಿದೆ. ಟ್ರಾನ್ಸಾಕ್ಷನ್ ಅಂತ ಯಾಕಿಟ್ಟಿದಾರೆ, ಎರಡೂ ಆಗಬೇಕು ಇಲ್ಲಾ ಎರಡೂ ಆಗಬಾರ್ದು ಅಂತ ಯಾಕೆ ಬಡ್ಕೋತಾರೆ ಅಂತ ನಂಗೆ ಅರ್ಥ ಮಾಡಿಸಿದ್ದು ಚೆಸ್ಕಾಂ ಕರೆಂಟು. ಹಳೇ ರೈತರ ಪಟ್ಟಿ ಬೇರೆ ಯಾರೋ ಹಿಂದೆ ನುಡಿ ಫಾಂಟಲ್ಲಿ ಟೈಪ್ ಮಾಡಿಟ್ಟಿದ್ರು, ಬ್ರೌಸರಲ್ಲಿ ತೆಗೆದ್ರೆ ಬರೀ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ, ಅದನ್ನ ಈಗ ಎಲ್ಲಾ ಕಡೆ ನಡೆಯೋ ಯುನಿಕೋಡಿಗೆ ತರೋಕೆ ಒಂದು ವಾರ ಹೋಯ್ತು, ಅದರ ಕತೆ ಬೇಡ ಬಿಡಿ, ಈಗ್ಲೂ ಎಲ್ಲೋ ಒಂದೆರಡು ಒತ್ತಕ್ಷರ ತಪ್ಪಿರಬೋದು.

ಸಾಹುಕಾರ್ರು ಕೊಟ್ಟಿದ್ದು 2,000 ರೂಪಾಯಿ, ಅರ್ಧ ಚೀಲ ಆಲೂಗಡ್ಡೆ. ಅಪ್ಪಂಗೆ ಬೇಜಾರು, ಇಷ್ಟು ದಿನ ದುಡಿದಿದ್ದಕ್ಕೆ ಇಷ್ಟೇನಾ ಅಂತ. ಲೆಕ್ಕ ಹಾಕಿದ್ರೆ ಇನ್‌ಸ್ಟಿಟ್ಯೂಟಿಗೆ ನಾನು ದುಡ್ಡು ಕೊಟ್ಟು ಕಲ್ತಿದ್ದು ಕಮ್ಮಿ, ಇಲ್ಲಿ ಅವರೇ ಕೈಗೆ ಕೊಟ್ಟು ಕಲಿಸಿದ್ದು ಜಾಸ್ತಿ.

ಒಂದು ತಮಾಷೆ ನೋಡಿ, ನಮ್ಮ ಸಾಲಗಾಮೆ ರೋಡಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಇದೆ, 1982ರಿಂದ ಇದೆ, ಆಕಾಶದಲ್ಲಿರೋ ಸ್ಯಾಟಲೈಟನ್ನ ಇಲ್ಲಿ ಕೂತು ಅಲ್ಲಾಡದಂಗೆ ನೋಡ್ಕೋತಾರೆ. ಅದೇ ರೋಡಲ್ಲಿ 1960ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಬಂದ್ರೆ ಮಂಡಿಲಿ ಕ್ಯಾಲ್ಕುಲೇಟರ್ ಒತ್ತೋ ಒಬ್ಬರ ಮುಂದೆ ಇಪ್ಪತ್ತು ಜನ ಕಾಯ್ತಿರ್ತಾರೆ. ಪ್ರಾಜೆಕ್ಟ್ ಟಾಪಿಕ್ ಸಿಗ್ತಿಲ್ಲ ಅಂತ ನಾವು ಫೈನಲ್ ಇಯರಲ್ಲಿ ಬೆಂಗಳೂರಿಂದ ರೆಡಿಮೇಡ್ ಪ್ರಾಜೆಕ್ಟ್ ದುಡ್ಡು ಕೊಟ್ಟು ತರ್ತೀವಿ!

ಕೆಲಸ ಸಿಕ್ಕಿದ್ದು 2024ರ ಅಕ್ಟೋಬರಲ್ಲಿ, ಡಿಗ್ರಿ ಮುಗಿದು ಒಂದು ವರ್ಷದ ಮೇಲಾಗಿತ್ತು. ನನ್ನ ಒಂದು ಹಳೇ ನೋಟ್‌ಬುಕ್ಕಲ್ಲಿ ಅರ್ಜಿ ಹಾಕಿದ್ದೆಲ್ಲಾ ಬರೆದಿಟ್ಟಿದ್ದೆ, 163 ಕಡೆ ಹಾಕಿದೀನಿ, ಟೆಸ್ಟೋ ಫೋನೋ ಅಂತ ಏನಾದ್ರೂ ಬಂದಿದ್ದು ಹನ್ನೊಂದು ಕಡೆಯಿಂದ. ಸಿಕ್ಕಿದ್ದು ಒಂದು ಚಿಕ್ಕ ಕಂಪನಿ, ಮೂವತ್ತು ಜನ ಇರಬೋದು. ಅಲ್ಲಿ ಇಂಟರ್‌ವ್ಯೂ ಮಾಡಿದ ಸರ್ ಸಿಜಿಪಿಎ ಕೇಳ್ಲೇ ಇಲ್ಲ, "ನೀವು ಬರೆದಿದ್ರಲ್ಲಿ ನಿಮಗೆ ತುಂಬಾ ಕಾಟ ಕೊಟ್ಟಿದ್ದು ಯಾವ್ದು" ಅಂತ ಕೇಳಿದ್ರು. ಒಂದು ರೂಪಾಯಿ ಕತೆ ಹೇಳ್ದೆ, ಮಂಜೇಗೌಡರ ಕತೆ ಹೇಳ್ದೆ, ನಗ್ತಾ ನಗ್ತಾ ಕೇಳಿಸ್ಕೊಂಡು ಆಮೇಲೆ ಒಂದು ಬಾಂಬ್ ಹಾಕಿದ್ರು, "ಎರಡು ಕಂಪ್ಯೂಟರಿಂದ ಇಬ್ರು ಒಂದೇ ಖಾತೆಗೆ ಒಟ್ಟಿಗೆ ಬಿಲ್ ಹಾಕಿದ್ರೆ?" ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ಲ ಸರ್, ನಮ್ಮ ಮಂಡಿಲಿ ಇರೋದೇ ಒಂದು ಕಂಪ್ಯೂಟರು ಒಬ್ರು ರೈಟರು, ಆದ್ರೆ ಹಂಗಾದ್ರೆ ಒಬ್ಬರು ಬರೆದ ಬಾಕಿ ಮೇಲೆ ಇನ್ನೊಬ್ಬರದು ಕೂತ್ಕೊಂಡು ಮೊದಲಿಂದು ಅಳಿಸಿ ಹೋಗಬೋದು ಅನ್ಸುತ್ತೆ ಅಂದೆ. ಹೂಂ, ಅದೇ ಅಂದ್ರು. ಒಂದು ಗಂಟೆ ಬರೀ ಮಂಡಿ ಮೇಲೇ ಮಾತು. ಮೂರನೇ ದಿನಕ್ಕೆ ಮೇಲ್ ಬಂತು. ಸಂಬಳ ತಿಂಗಳಿಗೆ 24,000, ಹೆಚ್ಚೇನಲ್ಲ, ದೊಡ್ಡ ಕಂಪನಿ ಫ್ರೆಶರ್‌ಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಕೊಡ್ತಾವೆ, ಅದೂ ಎಷ್ಟೋ ವರ್ಷದಿಂದ ಅಲ್ಲಲ್ಲೇ ಇದೆ. ನಂಗೆ ಅವತ್ತು ಅಷ್ಟೇ ಸಾಕಾಗಿತ್ತು.

ಅದೃಷ್ಟ ಇಲ್ವಾ ಇದ್ರಲ್ಲಿ ಅಂದ್ರೆ ಇದೆ. ನನಗಿಂತ ಚೆನ್ನಾಗಿ ಕೋಡ್ ಬರೆಯೋ ಇಬ್ಬರು ಕ್ಲಾಸ್‌ಮೇಟ್ಸು ಇನ್ನೂ ಹುಡುಕ್ತಾನೇ ಇದಾರೆ. ಮಂಡಿ ಪ್ರೋಗ್ರಾಂ ಮಾಡಿದ್ರೆ ಕೆಲಸ ಗ್ಯಾರಂಟಿ ಅಂತ ನಾನೂ ಒಂದು ಪಾಂಪ್ಲೆಟ್ ಹಂಚಿದಂಗಾಗಬಾರ್ದು.

ಏನು ಓದಬೇಕು ಅಂತ ಕೇಳೋರಿಗೆ ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಇದು ಎಲ್ಲಾ ಕಡೆ ಸಿಗುತ್ತೆ, ಫ್ರೀಯಾಗೇ ಸಿಗುತ್ತೆ. ಒಂದು ಭಾಷೆ, ಪೈಥಾನೋ ಜಾವಾನೋ ಜಾವಾಸ್ಕ್ರಿಪ್ಟೋ, ಒಂದೇ ಒಂದು, ಮೂರು ತಿಂಗಳಿಗೊಂದು ಬದಲಾಯಿಸಬೇಡಿ. ಎಸ್‌ಕ್ಯುಎಲ್ ಚೆನ್ನಾಗಿ. ಗಿಟ್ ಕಲೀರಿ, ಕೋಡಲ್ಲಿ ಯಾವಾಗ ಏನು ಬದಲಾಯಿಸಿದ್ವಿ ಅಂತ ನೆನಪಿಟ್ಕೊಳ್ಳೋದು, ಅದು 2005ರಲ್ಲೇ ಬಂದಿರೋ ಸಾಮಾನು, ಆದ್ರೂ ಸಿಲಬಸ್ ಮುಗಿಸಿ ಬಂದ ನಂಗೆ ಅದರ ಹೆಸರು ಬಿಟ್ರೆ ಬೇರೇನೂ ಗೊತ್ತಿರ್ಲಿಲ್ಲ. ಎನ್‌ಪಿಟಿಇಎಲ್ ಪಾಠಗಳು ಐಐಟಿ ಮೇಷ್ಟ್ರುಗಳದ್ದು, ನೋಡೋಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕು ಅಂದ್ರೆ ಮಾತ್ರ ಎಕ್ಸಾಂ ಫೀಸು. ಹಾರ್ವರ್ಡಿನ ಕಂಪ್ಯೂಟರ್ ಕೋರ್ಸ್ ಸಿಎಸ್50 ಫ್ರೀ, ಕೋಡಿಂಗ್ ಕಲಿಸೋ ಸೈಟ್ ಫ್ರೀಕೋಡ್‌ಕ್ಯಾಂಪ್ ಫ್ರೀ. ಇಂಗ್ಲಿಷ್ ಕಷ್ಟ ಅನ್ನೋರಿಗೆ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಇದೆ, ಕನ್ನಡದಲ್ಲೂ ಹೇಳ್ಕೊಡ್ತಾರೆ, ಇದು ನಮ್ಮ ಕಡೆ ಮಕ್ಕಳಿಗೆ ಯಾಕೆ ಯಾರೂ ಹೇಳಲ್ವೋ. ನೋಡಿದ್ದನ್ನ ವಿಡಿಯೋ ಮುಚ್ಚಿಟ್ಟು ಒಂದು ಸಲ ನೀವೇ ಬರೀರಿ, ಬರಲ್ಲ, ಆಗ ಕಲಿಕೆ ಶುರು. ಆಪ್ಟಿಟ್ಯೂಡ್ ಅಂತ ಒಂದು ರೌಂಡ್ ಎಲ್ಲಾ ಕಡೆ ಇರುತ್ತೆ, ರೈಲು ಸೇತುವೆ ದಾಟೋದು, ನಲ್ಲಿ ತೊಟ್ಟಿ ತುಂಬೋದು, ಹೈಸ್ಕೂಲ್ ಲೆಕ್ಕಾನೇ, ಅದನ್ನ ಕೀಳು ಅನ್ಕೊಂಡು ಬಿಟ್ಟೋರು ಅಲ್ಲೇ ಉದುರ್ತಾರೆ, ನಾನೇ ಎರಡು ಸಲ ಉದುರಿದೀನಿ.

ಚಾಟ್‌ಜಿಪಿಟಿ ಇದೆಯಲ್ಲ, ಇನ್ನು ಕಲಿಯೋದು ಯಾಕೆ ಅಂತ ಚಿಕ್ಕಪ್ಪನ ಮಗ ಕೇಳ್ದ. ಅದು 2022ರ ನವೆಂಬರಲ್ಲಿ ಬಂತು, ನಾವು ಆಗ ಫೈನಲ್ ಇಯರು, ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಅದರಲ್ಲೇ ಬರೆಸಿದ್ವಿ, ಸುಳ್ಳು ಯಾಕೆ ಹೇಳ್ಲಿ. ಈಗ ಆಫೀಸಲ್ಲೂ ದಿನಾ ಉಪಯೋಗಿಸ್ತೀನಿ. ಆದ್ರೆ ಇಂಟರ್‌ವ್ಯೂಲಿ ಈಗ ಕೋಡ್ ಬರೆಯೋದಕ್ಕಿಂತ ಜಾಸ್ತಿ "ಈ ಲೈನ್ ತೆಗೆದುಬಿಟ್ರೆ ಏನಾಗುತ್ತೆ" ಅಂತ ಕೇಳ್ತಿದಾರೆ, ಬರೆಸಿದೋರು ಅಲ್ಲಿ ಸಿಕ್ಕಿಹಾಕ್ಕೋತಾರೆ. ಮಂಡಿಗೆ ಬಿಲ್ ಪ್ರೋಗ್ರಾಂ ಮಾಡ್ಕೊಡು ಅಂದ್ರೆ ಅದು ಎರಡು ನಿಮಿಷಕ್ಕೆ ಮಾಡ್ಕೊಡುತ್ತೆ, ಮೂರು ಜನ ಮಂಜೇಗೌಡರಿದಾರೆ ಅಂತ ಅದಕ್ಕೆ ಹೇಳಬೇಕಾದೋರು ನಾವೇ ತಾನೆ.

ಅಪ್ಪ ಅಮ್ಮಂದಿರು ಓದ್ತಿದ್ರೆ ಇನ್ನೊಂದು ವಿಷ್ಯ. ಕೋರ್ಸ್ ಫೀಸಿನ ಆಚೆ ಇನ್ನೊಂದು ದಂಧೆ ಇದೆ, "ಬ್ಯಾಕ್‌ಡೋರ್" ಅಂತಾರೆ, ಎರಡು ಲಕ್ಷ ಕೊಡಿ ದೊಡ್ಡ ಕಂಪನಿಲಿ ಒಳಗಿಂದ ಹಾಕಿಸ್ತೀವಿ ಅಂತ. ದೊಡ್ಡ ಕಂಪನಿಗಳು ತಮ್ಮ ವೆಬ್‌ಸೈಟಲ್ಲೇ ಬರೆದಿದಾವೆ, ಕೆಲಸ ಕೊಡೋಕೆ ನಾವು ಯಾರ ಹತ್ರಾನೂ ದುಡ್ಡು ತಗೊಳ್ಳಲ್ಲ ಅಂತ. ಮೇಲ್ ಕಂಪನಿ ಹೆಸರಿನ ಐಡಿಯಿಂದ ಬರದೆ ಜಿಮೇಲಿಂದ ಬಂದಿದ್ರೆ, ಟ್ರೈನಿಂಗ್ ಡೆಪಾಸಿಟ್ಟು ಲ್ಯಾಪ್‌ಟಾಪ್ ಡೆಪಾಸಿಟ್ಟು ಅಂತ ಕೇಳಿದ್ರೆ, ಅಲ್ಲಿಗೇ ನಿಲ್ಲಿಸಿ. ಇನ್ನು ಕೆಲವರು ಎರಡು ವರ್ಷದ ಸುಳ್ಳು ಎಕ್ಸ್‌ಪೀರಿಯನ್ಸ್ ಹಾಕಿ ರೆಸ್ಯೂಮೆ ಮಾಡ್ಕೊಡ್ತಾರೆ, ನನ್ನ ಪಿಜಿಲಿದ್ದ ಒಬ್ಬಳು ಹಂಗೆ ಸೇರಿ ಮೂರು ತಿಂಗಳಿಗೆ ಮನೆಗೆ ಬಂದ್ಲು, ಪಿಎಫ್ ಖಾತೆಯ ಯುಎಎನ್ ನಂಬರಲ್ಲಿ ಯಾವ ಕಂಪನಿಲಿ ಯಾವಾಗಿಂದ ಇದ್ರು ಅನ್ನೋದೆಲ್ಲಾ ಕಾಣುತ್ತೆ, ಅದರಲ್ಲಿ ಇಲ್ದೇ ಇರೋದನ್ನ ಎಲ್ಲಿಂದ ತರ್ತೀರ. ನಂಗೂ ಒಂದು ಕಡೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎರಡು ವರ್ಷ ನಮ್ಮ ಹತ್ರ ಇರುತ್ತೆ, ಬಾಂಡ್ ಅಂದ್ರು, ಅಪ್ಪಂಗೆ ಅಲ್ಲಿಂದಲೇ ಫೋನ್ ಮಾಡ್ದೆ, "ಹೊಲದ ಪತ್ರ ಯಾರ್ಗಾದ್ರೂ ಹಂಗೆ ಕೊಡ್ತೀವಾ, ಎದ್ದು ಬಾ" ಅಂದ್ರು. ಎದ್ದು ಬಂದೆ.

ಈಗ ನನ್ನ ಕೋರಿಕೆ, ಈ ಕಾಗದ ಬರೆಯಕ್ಕೆ ಕೂತಿದ್ದೇ ಇದಕ್ಕೆ. ಡಿಗ್ರಿ ಮುಗಿದ ದಿನದಿಂದ ಕೆಲಸ ಸಿಗೋ ದಿನದ ತನಕ ಒಂದು ವರ್ಷವೋ ಎರಡು ವರ್ಷವೋ ಇದೆಯಲ್ಲ, ಆಗ ನಮ್ಮಂಥೋರಿಗೆ ಕೂರಕ್ಕೆ ಜಾಗ ಇಲ್ಲ. ಕಾಲೇಜ್ ಐಡಿ ಕಾರ್ಡ್ ವಾಪಸ್ ಇಸ್ಕೊಂಡಿರ್ತಾರೆ, ಲ್ಯಾಬಿಗೆ ಬಿಡಲ್ಲ. ಮನೇಲಿ ಕೂತ್ರೆ ಕರೆಂಟಿಲ್ಲ, ನೆಟ್ಟಿಲ್ಲ, ಇದ್ರೂ ಬಂದೋರು ಹೋದೋರು "ಇನ್ನೂ ಮನೇಲೇ ಇದೀಯಾ" ಅಂತಾರೆ, ಹುಡುಗಿ ಆದ್ರೆ ಎರಡನೇ ಪ್ರಶ್ನೆ ಗಂಡು ನೋಡಿದೀರಾ ಅನ್ನೋದು. ಅದಕ್ಕೇ ದುಡ್ಡು ಇದ್ರೂ ಇಲ್ದಿದ್ರೂ ಎಲ್ಲರೂ ಬೆಂಗಳೂರಿಗೆ ಓಡೋದು, ಕೋರ್ಸಿಗೆ ಅಂತಲ್ಲ, ಮನೆಯಿಂದ ಆಚೆ ಒಂದು ಕುರ್ಚಿ ಸಿಗುತ್ತೆ ಅಂತ. ಆ ಇನ್‌ಸ್ಟಿಟ್ಯೂಟಿನಲ್ಲಿ ನಾನು 42,000 ಕೊಟ್ಟಿದ್ದೂ ಒಂಥರಾ ಕುರ್ಚಿ ಬಾಡಿಗೇನೇ.

ಹಾಸನ ಚಿಕ್ಕಮಗಳೂರು ಎರಡೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿದಾವೆ, ಒಂದೊಂದು ಕಾಲೇಜಲ್ಲೂ ಕಂಪ್ಯೂಟರ್ ಲ್ಯಾಬ್‌ಗಳು, ಸಾಲಾಗಿ ಸಿಸ್ಟಂಗಳು, ಯುಪಿಎಸ್, ಇಂಟರ್ನೆಟ್ಟು, ಎಲ್ಲಾ ಇದೆ, ಸಂಜೆ ಐದಾದ್ರೆ ಬೀಗ. ವಾರಕ್ಕೆ ಎರಡು ದಿನ, ಐದೂವರೆಯಿಂದ ಏಳೂವರೆ ತನಕ, ಪಾಸಾಗಿ ಎರಡು ವರ್ಷದೊಳಗಿರೋ ಹುಡುಗ ಹುಡುಗೀರಿಗೆ ಒಂದು ಲ್ಯಾಬ್ ತೆಗೆದುಕೊಡಿ, ಬೇರೆ ಕಾಲೇಜಲ್ಲಿ ಓದಿದೋರಾದ್ರೂ ಬರ್ಲಿ. ಎಂಟಕ್ಕೆ ಬೇಡ, ನಮ್ಮ ಕಡೆ ಲಾಸ್ಟ್ ಬಸ್ ತಪ್ಪೋಗುತ್ತೆ. ಪಾಠ ಮಾಡೋರು ಬೇಡ, ಬಾಗಿಲು ತೆಗೆಯೋ ಒಬ್ಬ ಅಟೆಂಡರ್ ಇದ್ರೆ ಸಾಕು, ಕರೆಂಟ್ ಬಿಲ್ಲಿಗೆ ತಲೆಗೆ ಐವತ್ತು ನೂರು ಹಾಕು ಅಂದ್ರೆ ಹಾಕ್ತೀವಿ. ಗೋಡೆ ಮೇಲೆ ಒಂದು ಬೋರ್ಡ್ ಇಡಿ, ಊರಿನ ಮಂಡಿಯೋರು, ಕಾಫಿ ಕ್ಯೂರಿಂಗ್‌ನೋರು, ಮೆಡಿಕಲ್ ಶಾಪಿನೋರು, ಹಾಲಿನ ಸೊಸೈಟಿ ಸೆಕ್ರೆಟರಿಗಳು, ಯಾರಿಗೆ ಯಾವ ಲೆಕ್ಕ ತಲೆನೋವಾಗಿದೆಯೋ ಬಂದು ಬರೆದು ಹೋಗ್ಲಿ. ಸಾಹುಕಾರ್ರೇ, ನಿಮಗೂ ಒಂದು ಮಾತು, ಹುಡುಗರು ಮಾಡ್ಕೊಟ್ಟಿದ್ದು ಮೊದಲನೇ ವಾರ ತಪ್ಪು ಲೆಕ್ಕ ತೋರಿಸೇ ತೋರಿಸುತ್ತೆ, ಖಾತೆ ಪುಸ್ತಕ ಎಸೀಬೇಡಿ, ಎರಡೂ ಜೊತೇಲಿ ನಡೀಲಿ, ಬೈದ್ರೂ ಪರವಾಗಿಲ್ಲ ಎಲ್ಲಿ ತಪ್ಪಾಗಿದೆ ಅಂತ ತೋರಿಸಿ ಬೈರಿ. ನಮ್ಮ ರೈಟರ್ ಅಣ್ಣ ಹಂಗೇ ಮಾಡಿದ್ದು.

ಶನಿವಾರ ನಾನು ಬೆಂಗಳೂರಿಂದ ಟ್ರೈನಲ್ಲಿ ಊರಿಗೆ ಬರ್ತೀನಿ, ಅಂಥ ಒಂದು ಲ್ಯಾಬ್ ತೆಗೆದ್ರೆ ತಿಂಗಳಿಗೆ ಎರಡು ಶನಿವಾರ ನಾನು ಬಂದು ಕೂರ್ತೀನಿ, ಗೊತ್ತಿರೋದು ಹೇಳ್ಕೊಡ್ತೀನಿ. ಹಾಸನದೋರೇ ನಮ್ಮ ಆಫೀಸಲ್ಲಿ ಇನ್ನಿಬ್ರು ಇದಾರೆ, ಅವರನ್ನೂ ಎಳ್ಕೊಂಡು ಬರ್ತೀನಿ, ಕೇಳಿ ಆಯ್ತು.

ಇನ್ನು ನಿಮ್ಮನ್ನ ಕೇಳೋದು ಒಂದೇ, ಪೇಪರ್ ಒಳಗೆ ಏನು ತುರುಕ್ತಾರೆ ಅಂತ ನಿಮ್ಮ ಏಜೆಂಟ್ರಿಗೆ ಒಂದು ಮಾತು ಹೇಳಕ್ಕಾಗುತ್ತಾ ನೋಡಿ, "ಗ್ಯಾರಂಟಿ" ಅಂತ ಇದ್ರೆ ಎಷ್ಟು ಜನಕ್ಕೆ ಯಾವ ಕಂಪನಿಲಿ ಕೆಲಸ ಕೊಡ್ಸಿದಾರೆ ಅಂತಾದ್ರೂ ಕೇಳ್ಲಿ.

ಚಿಕ್ಕಪ್ಪ ಸದ್ಯಕ್ಕೆ ದುಡ್ಡು ಕಟ್ಟಿಲ್ಲ. ಮಗ ನಮ್ಮೂರ ಡೈರಿಗೆ ಬೆಳಿಗ್ಗೆ ಆರಕ್ಕೆ ಹೋಗಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ ರೇಟು ಹೆಂಗೆ ಕಟ್ತಾರೆ ಅಂತ ಬರ್ಕೊಂಡು ಬರ್ತಿದಾನೆ, ನಿನ್ನೆ ರಾತ್ರಿ ಹತ್ತೂವರೆಗೆ ಮೆಸೇಜ್ ಹಾಕಿದ್ದ, "ಅಕ್ಕ, ಬೆಳಿಗ್ಗೆ ಹಾಲು ಸಂಜೆ ಹಾಲು ಎರಡೂ ಒಂದೇ ತಾರೀಖಿಗೆ ಬಂದ್ರೆ ಹಿಂದಿಂದು ಅಳಿಸೋಗ್ತಿದೆ, ಏನ್ ಮಾಡ್ಲಿ" ಅಂತ. ಉತ್ತರ ಹೇಳಿಲ್ಲ ಇನ್ನೂ, ಅವನೇ ಹುಡುಕ್ಲಿ ಅಂತ ಬಿಟ್ಟಿದೀನಿ. ಪಾಂಪ್ಲೆಟ್ ಮಾತ್ರ ಅಮ್ಮ ಕ್ಯಾಲೆಂಡರ್ ಮೊಳೆಯಿಂದ ತೆಗೆದಿಲ್ಲ.

ಇಂತಿ,
ನಿಮ್ಮ ಓದುಗಿ ಒಬ್ಬಳು
ಶಾಂತಿಗ್ರಾಮ, ಹಾಸನ ತಾಲ್ಲೂಕು